ಬಿಸಿಗೆ ದಾರಿ ಬಿಡಿ

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಬಳ್ಳಾಪುರದಲ್ಲಿ 22 ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡೋನು. ಯುಗಾದಿ ಹತ್ರ ಬಂತು ಅಂದ್ರೆ ನನ್ ಫೋನು ಸುಮ್ನಿರಲ್ಲ. ಚಿಂತಾಮಣಿಯಿಂದ, ಗೌರಿಬಿದನೂರಿಂದ, ಬಾಗೇಪಲ್ಲಿಯಿಂದ ಹುಡುಗರು ಫೋನ್ ಮಾಡ್ತಾರೆ, ಎಲ್ಲರೂ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಸಾಮಾನು ತಂದು, ವಿಡಿಯೋ ನೋಡಿ ಮನೇಲೇ ಕಂಪ್ಯೂಟರ್ ಜೋಡಿಸಿರೋರು. "ಅಣ್ಣಾ, ಪ್ರೊಸೆಸರ್ 95 ಡಿಗ್ರಿ ತೋರಿಸ್ತಿದೆ" ಅಂತಾರೆ. ಅದರ ಹಿಂದೇನೇ, ಉಸಿರು ಕೂಡ ತಗೊಳ್ಳದೆ, "ಯಾವ ಕೂಲರ್ ತಗೊಳ್ಳಲಿ?" ಅಂತಾರೆ. ಕೂಲರ್ ಅಂದ್ರೆ ರೂಮಿಗೆ ಇಡೋದಲ್ಲ, ಪ್ರೊಸೆಸರ್ ಮೇಲೆ ಕೂತು ಅದರ ಬಿಸಿ ಎಳೆಯೋ ಸಾಮಾನು. ಇವತ್ತು ನಾನು ಮಾತಾಡ್ತಿರೋದು ಆ ಹುಡುಗ ಹುಡುಗೀರ ಜೊತೆ, ಮತ್ತೆ ಅದಕ್ಕೆ ದುಡ್ಡು ಕೊಡೋ ಅಪ್ಪ ಅಮ್ಮಂದಿರ ಜೊತೆ. ಏನೂ ತಗೋಬೇಡಿ. ಮೊದಲು ಬಿಚ್ಚಿ ನೋಡಿ, ಬಿಸಿ ಹೊರಗೆ ಹೋಗೋ ದಾರಿ ಎಲ್ಲಿ ಕಟ್ಕೊಂಡಿದೆ ಅಂತ ಹುಡುಕಿ. ಇವತ್ತು ನಾನು ಎಷ್ಟು ಸಲ ಇದನ್ನೇ ಹೇಳಿದ್ರೂ ಬೇಜಾರು ಮಾಡ್ಕೋಬೇಡಿ.

ಪ್ರೊಸೆಸರ್ ಅಂದ್ರೆ ಯಾವುದು ಅಂತ ಮೊದಲು ಹೇಳ್ಬಿಡ್ತೀನಿ, ಯಾಕಂದ್ರೆ ನಮ್ ಕಡೆ ಆ ಇಡೀ ಡಬ್ಬಾನೇ ಸಿಪಿಯು ಅಂತ ಕರೀತಾರೆ. ಡಬ್ಬ ಬರೀ ಕ್ಯಾಬಿನೆಟ್ಟು. ಅದರ ಒಳಗೆ ಮದರ್‌ಬೋರ್ಡ್ ಮೇಲೆ ಒಂದು ಬಿಸ್ಕತ್ತಿನಷ್ಟು ಅಗಲದ ಚಿಪ್ ಕೂತಿರುತ್ತಲ್ಲ, ಅದು ಪ್ರೊಸೆಸರ್ರು, ಅದರಲ್ಲೂ ನಿಜವಾಗಿ ಕೆಲಸ ಮಾಡಿ ಬಿಸಿ ಆಗೋ ಭಾಗ ಹೆಚ್ಚೂಕಮ್ಮಿ ಹೆಬ್ಬೆರಳಿನ ಉಗುರಿನಷ್ಟು. ಹಳೇ ಕಾಲದ ಹಳದಿ ಬಲ್ಬು 60 ವಾಟ್, ಉರೀತಿರೋವಾಗ ಅದನ್ನ ಮುಟ್ಟೋಕಾಗ್ತಿತ್ತಾ? ಆ ಬಲ್ಬು ಮುಷ್ಟಿಯಷ್ಟು ದಪ್ಪ ಇತ್ತು. ಇಲ್ಲಿ ಅಷ್ಟೇ ಶಾಖ, ಜಾಸ್ತಿ ಕೆಲಸ ಬಿದ್ರೆ ಅದರ ಎರಡರಷ್ಟು ಶಾಖ, ಒಂದು ಉಗುರಿನಷ್ಟು ಜಾಗದಿಂದ ಹೊರಗೆ ಬರಬೇಕು. ಆ ಶಾಖ ಚಿಪ್ಪಿಂದ, ಚಿಪ್ಪಿಗೂ ಕೂಲರ್‌ಗೂ ಮಧ್ಯೆ ಶಾಖ ದಾಟಲಿ ಅಂತ ಹಚ್ಚೋ ಪೇಸ್ಟಿಗೆ, ಪೇಸ್ಟಿಂದ ಕೂಲರ್ ತಳಕ್ಕೆ, ಅಲ್ಲಿಂದ ಅಲ್ಯೂಮಿನಿಯಂ ರೆಕ್ಕೆಗಳಿಗೆ, ಫ್ಯಾನಿಂದ ಕ್ಯಾಬಿನೆಟ್ ಗಾಳಿಗೆ, ಕ್ಯಾಬಿನೆಟ್ಟಿಂದ ರೂಮಿಗೆ, ರೂಮಿಂದ ಕಿಟಕಿ ಆಚೆಗೆ ಹೋಗುತ್ತೆ. ದಾರಿ ಇಷ್ಟೇ. ಇದರಲ್ಲಿ ಎಲ್ಲೋ ಒಂದು ಕಡೆ ಕಟ್ಕೊಂಡಿರುತ್ತೆ, ನೀವು ನೋಡಿದ್ರೆ ಇನ್ನೊಂದು ಕಡೆ ದುಡ್ಡು ಸುರೀತಿರ್ತೀರ.

ಎಷ್ಟು ಡಿಗ್ರಿ ಇದ್ರೆ ಸರಿ ಅಂತ ಎಲ್ಲರೂ ಕೇಳ್ತಾರೆ. ಸುಮ್ನೆ ಆನ್ ಆಗಿ ಕೂತಿದ್ರೆ 35ರಿಂದ 50, ಗೇಮ್ ಆಡೋವಾಗ 60ರಿಂದ 80, ಇಷ್ಟಿದ್ರೆ ನೆಮ್ಮದಿಯಾಗಿರಿ. ಇಂಟೆಲ್ ಕಂಪನಿ ಪ್ರೊಸೆಸರ್‌ಗಳು ಸಾಮಾನ್ಯವಾಗಿ 100ಕ್ಕೆ, ಎಎಮ್‌ಡಿ ಕಂಪನಿಯ ರೈಜನ್‌ನವು 90–95ಕ್ಕೆ ತಲುಪಿದ್ರೆ ತಾವೇ ಸ್ಪೀಡು ಇಳಿಸ್ಕೊಳ್ತವೆ, ಗೇಮು ತಡವರಿಸೋದು ಅದಕ್ಕೇ. ಅದನ್ನೂ ಮೀರಿದ್ರೆ ಕಂಪ್ಯೂಟರ್ ತಾನೇ ಟಪ್ ಅಂತ ಆಫ್ ಆಗುತ್ತೆ. ಆಫ್ ಆಯ್ತು ಅಂದ ತಕ್ಷಣ ಸುಟ್ಟೋಯ್ತು ಅಂತ ಅಳಬೇಡಿ, ಅದು ತನ್ನನ್ನ ತಾನು ಉಳಿಸ್ಕೊಂಡಿರೋದು. ಹೆಚ್‌ಡಬ್ಲ್ಯೂಇನ್ಫೋ ಅಂತ ಈ ಡಿಗ್ರಿ ತೋರಿಸೋ ಒಂದು ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ, ಹಾಕ್ಕೊಂಡು ನೋಡಿ, ಊಹೆ ಮಾಡ್ಬೇಡಿ.

ಈಗ ಒಂದು ವಿಷಯ ಹೇಳ್ತೀನಿ, ಇದು ಸ್ವಲ್ಪ ಉದ್ದ ಆಗುತ್ತೆ, ಆದ್ರೆ ಇದನ್ನ ಹೇಳ್ಬೇಕು ಅಂತಾನೇ ನಾನು ಇವತ್ತು ಒಪ್ಕೊಂಡು ಬಂದಿದ್ದು.

ಎರಡು ವರ್ಷದ ಹಿಂದೆ ಏಪ್ರಿಲ್ ತಿಂಗಳು. ಶಿಡ್ಲಘಟ್ಟದ ಕಡೆ ಒಂದು ಹಳ್ಳಿಯಿಂದ ಅಪ್ಪ ಮಗ ಟಿವಿಎಸ್ ಮೇಲೆ ಬಂದ್ರು, ಇಬ್ಬರ ಮಧ್ಯೆ ಕ್ಯಾಬಿನೆಟ್ಟು, ಅದಕ್ಕೆ ಕಂಬಳಿ ಸುತ್ತಿ ಹಗ್ಗ ಕಟ್ಟಿದ್ರು. ಅಪ್ಪ ರೇಷ್ಮೆ ಬೆಳೆಯೋರು. ಒಂದು ಬೆಳೆ ಚೆನ್ನಾಗಿ ಆಗಿ, ಗೂಡಿಗೆ ಮಾರ್ಕೆಟ್ಟಲ್ಲಿ ಒಳ್ಳೇ ರೇಟು ಸಿಕ್ಕಿ, ಆ ದುಡ್ಡಲ್ಲಿ ಮಗನಿಗೆ ಕಂಪ್ಯೂಟರ್ ಕೊಡಿಸಿದ್ರು. ಮಗ ಡಿಪ್ಲೊಮಾ ಓದ್ತಿದ್ದ, ಇಂಟೆಲ್‌ನ 12ನೇ ಜನರೇಷನ್ ಐ5 ಪ್ರೊಸೆಸರ್ ತಗೊಂಡು, ಅದರ ಜೊತೆ ಬಂದಿದ್ದ ಸಣ್ಣ ಕೂಲರ್ ಬೇಡ ಅಂತ ಗೋಪುರದ ಥರ ಎತ್ತರದ್ದು ಬೇರೆ ತಂದು ತಾನೇ ಹಾಕಿದ್ದ. ಗೇಮ್ ಆನ್ ಮಾಡಿದ ಎರಡು ನಿಮಿಷಕ್ಕೆ 100 ಡಿಗ್ರಿ. ಯಾರೋ ಒಬ್ರು ಮದರ್‌ಬೋರ್ಡ್ ಕೆಟ್ಟಿದೆ, ಬದಲಾಯಿಸಿ ಅಂದಿದ್ದಾರೆ. ಆ ಯಜಮಾನ್ರು ನನ್ನ ಅಂಗಡಿ ಮುಂದೆ ನಿಂತು "ಸಾರ್, ಇನ್ನೊಂದ್ ಬೋರ್ಡಿಗೆ ಮುಂದಿನ ಬೆಳೆವರೆಗೂ ಕಾಯಬೇಕು" ಅಂದ್ರು. ನನಗೆ ಹೊಟ್ಟೆ ಉರೀತು. ಬಿಚ್ಚಿ ನೋಡದೇ ಬೋರ್ಡು ಬದಲಾಯಿಸಿ ಅನ್ನೋದು ಯಾವ ನ್ಯಾಯ?

ನಾನು ಸೈಡ್ ಪ್ಯಾನೆಲ್ ತೆಗೆದಿಟ್ಟು ಹತ್ತು ನಿಮಿಷ ಓಡಿಸ್ದೆ. ಮುಚ್ಚಿದ್ದಾಗ 100, ತೆಗೆದಾಗ 99. ದಯವಿಟ್ಟು ಇದನ್ನ ನೆನಪಿಟ್ಕೊಳ್ಳಿ. ಪ್ಯಾನೆಲ್ ತೆಗೆದ ತಕ್ಷಣ ಹತ್ತು ಹದಿನೈದು ಡಿಗ್ರಿ ಇಳಿದ್ರೆ ಕ್ಯಾಬಿನೆಟ್ ಒಳಗಿನ ಗಾಳಿ ಕಟ್ಕೊಂಡಿದೆ ಅಂತ ಅರ್ಥ. ಇಳೀಲಿಲ್ಲ ಅಂದ್ರೆ ತೊಂದರೆ ಇನ್ನೂ ಒಳಗಡೆ, ಚಿಪ್ಪಿಗೂ ಕೂಲರ್‌ಗೂ ಮಧ್ಯೆ. ನಾನು ಕೈ ಇಟ್ಟು ಆ ಅಲ್ಯೂಮಿನಿಯಂ ರೆಕ್ಕೆ ಮುಟ್ಟಿದೆ, ಬೆಚ್ಚಗೂ ಇರಲಿಲ್ಲ. ಕೆಳಗೆ ಪ್ರೊಸೆಸರ್ ಕುದೀತಾ ಇದೆ, ಮೇಲೆ ಕೂಲರ್ ತಣ್ಣಗಿದೆ! ಆಫ್ ಮಾಡಿ, ನಾಲ್ಕು ಸ್ಕ್ರೂ ಬಿಚ್ಚಿ ಎತ್ತಿದ್ರೆ, ಕೂಲರ್ ತಳಕ್ಕೆ ಕಂಪನಿಯೋರು ಅಂಟಿಸಿ ಕಳಿಸಿದ್ದ ತೆಳು ಪ್ಲಾಸ್ಟಿಕ್ ಹಾಳೆ ಹಾಗೇ ಇದೆ, ಹಾಕೋಕೆ ಮುಂಚೆ ಕಿತ್ತುಹಾಕಿ ಅಂತ ಅದರ ಮೇಲೇ ಅಚ್ಚು ಹಾಕಿದ್ದಾರೆ, ಹುಡುಗ ಆ ಪ್ಲಾಸ್ಟಿಕ್ ಮೇಲೇನೇ ಪೇಸ್ಟ್ ಒತ್ತಿಬಿಟ್ಟಿದ್ದಾನೆ. ಹುಡುಗನ ಮುಖ ಬಿಳಚಿಕೊಳ್ತು. ಅವರಪ್ಪ ಆ ಹಾಳೆ ಕೈಯಲ್ಲಿ ಹಿಡ್ಕೊಂಡು ಬೆಳಕಿಗೆ ಹಿಡಿದು ನೋಡಿ, ಬೈಲಿಲ್ಲ, "ಇಷ್ಟು ತೆಳ್ಳಗಿರೋದು ತಡೆಯುತ್ತಾ ಸಾರ್?" ಅಂತ ಕೇಳಿದ್ರು. ತಡೆಯುತ್ತೆ. ಬಿಸಿ ಪಾತ್ರೆಯನ್ನ ಬಟ್ಟೆ ಹಿಡಿದು ಇಳಿಸಲ್ವಾ, ಆ ಬಟ್ಟೆ ಎಷ್ಟು ದಪ್ಪ ಇರುತ್ತೆ? ಹಾಳೆ ಕಿತ್ತು, ಒರೆಸಿ, ಹೊಸ ಪೇಸ್ಟ್ ಹಾಕಿ ಕೂರಿಸ್ದೆ. ಸುಮ್ನಿದ್ದಾಗ 38, ಗೇಮಲ್ಲಿ 70. ಪೇಸ್ಟಿಂದು ಮಾತ್ರ ದುಡ್ಡು ತಗೊಂಡೆ.

ಇಲ್ಲಿಗೆ ಮುಗೀತು ಅಂದ್ಕೊಂಡ್ರಾ? ಮೂರು ವಾರಕ್ಕೆ ಮತ್ತೆ ಫೋನು, "ಅಣ್ಣಾ 88ಕ್ಕೆ ಹೋಗ್ತಿದೆ" ಅಂತ. ಭಾನುವಾರ ನಾನೇ ಅವರೂರಿಗೆ ಹೋದೆ. ನೋಡಿದ್ರೆ ಕಂಪ್ಯೂಟರ್ ಚೆನ್ನಾಗಾಯ್ತು ಅನ್ನೋ ಖುಷೀಲಿ ಹುಡುಗ ಇನ್ನೂ ನಾಲ್ಕು ಬಣ್ಣದ ಲೈಟಿನ ಫ್ಯಾನ್ ತಂದು ಹಾಕಿದ್ದಾನೆ. ಲೈಟು ಚೆನ್ನಾಗಿ ಕಾಣಲಿ ಅಂತ ಆರೂ ಫ್ಯಾನಿನ ಮುಖ ಹೊರಗಡೆಗೆ ಮಾಡಿದ್ದಾನೆ. ಫ್ಯಾನು ಮುಖದ ಕಡೆಯಿಂದ ಗಾಳಿ ಎಳೆದು, ಅಡ್ಡಪಟ್ಟಿ ಇರೋ ಬೆನ್ನಿನ ಕಡೆಗೆ ತಳ್ಳುತ್ತೆ. ಅಂದ್ರೆ ಆರೂ ಫ್ಯಾನು ಒಳಕ್ಕೆ ತಳ್ತಿವೆ, ಹೊರಗೆ ಹಾಕೋಕೆ ಒಂದೂ ಇಲ್ಲ. ಇದು ಸಾಲದು ಅಂತ ಇಡೀ ಕ್ಯಾಬಿನೆಟ್ಟನ್ನ ಗೋಡೆಯೊಳಗಿನ ಗೂಡಲ್ಲಿ ತೂರಿಸಿ ಇಟ್ಟಿದ್ದಾನೆ, ಬೆನ್ನು ಗೋಡೆಗೆ ಅಂಟಿದೆ, ಮುಂದೆ ಧೂಳು ಬೀಳಬಾರದು ಅಂತ ಅವರಮ್ಮ ಪರದೆ ಬೇರೆ ಕಟ್ಟಿದ್ದಾರೆ.

ನಾನು ಏನೂ ಹೇಳದೆ ಯಜಮಾನ್ರಿಗೆ "ನಿಮ್ಮ ಹುಳುಮನೆ ತೋರಿಸಿ" ಅಂದೆ. ಹೋದ್ವಿ. ನಾಲ್ಕನೇ ಜ್ವರ ಎದ್ದ, ಅಂದ್ರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳು, ಸೊಪ್ಪು ತಿನ್ನೋ ಸದ್ದು ಸಣ್ಣ ಮಳೆ ಬಂದಂಗೆ ಕೇಳಿಸ್ತಿತ್ತು. ಗೋಡೆ ಕೆಳಗಡೆ, ನೆಲದ ಹತ್ರ ಕಿಂಡಿಗಳು, ಮೇಲೆ ಸೂರಿನ ಹತ್ರ ಕಿಂಡಿಗಳು. "ಇದ್ಯಾಕೆ ಎರಡು ಕಡೆ?" ಅಂತ ಕೇಳ್ದೆ. ಅವರು ನನ್ನನ್ನೇ ಒಂಥರಾ ನೋಡಿ, "ಕೆಳಗಿಂದ ತಣ್ಣನೆ ಗಾಳಿ ಬರ್ಬೇಕು, ಬಿಸಿ ಮೇಲಕ್ಕೆ ಹೋಗಿ ಆಚೆ ಬೀಳ್ಬೇಕು ಸಾರ್, ದೊಡ್ಡ ಹುಳಕ್ಕೆ 25 ಡಿಗ್ರಿ ಮೇಲೆ ಹೋಗ್ಬಾರ್ದು, ಗಾಳಿ ಆಡ್ದಿದ್ರೆ ರೋಗ ಬಂದು ಬೆಳೇನೇ ಹೋಯ್ತು" ಅಂದ್ರು. ನಾನು ಮಗನ ಮುಖ ನೋಡ್ದೆ. ಅವನು ಅಷ್ಟೊತ್ತಿಗೆ ತಿಳ್ಕೊಂಡಿದ್ದ. ಅವರಪ್ಪ ಒಳಗೆ ಬಂದು ಕಂಪ್ಯೂಟರ್ ಮುಂದೆ ಬಗ್ಗಿ, ಒಂದೊಂದು ಫ್ಯಾನ್ ಹತ್ರಾನೂ ಬೀಡಿ ಹೊಗೆ ಹಿಡಿದು ಯಾವ ಕಡೆ ಎಳೀತಿದೆ ಅಂತ ನೋಡಿ, "ಲೋ, ಎಲ್ಲಾ ಕಿಂಡೀಲೂ ಒಳಕ್ಕೇ ಊದಿದ್ರೆ ಬಿಸಿ ಎಲ್ಲಿಂದ ಹೋಗ್ಬೇಕೋ?" ಅಂದ್ರು. 22 ವರ್ಷದಲ್ಲಿ ನಾನು ಯಾರಿಗೂ ಇಷ್ಟು ಚೆನ್ನಾಗಿ ಹೇಳಿಕೊಟ್ಟಿಲ್ಲ.

ಮುಂದಿನ ಎರಡು ಫ್ಯಾನ್ ಒಳಕ್ಕೆ, ಹಿಂದಿನ ಒಂದು, ಮೇಲಿನ ಒಂದು ಹೊರಕ್ಕೆ. ಮಿಕ್ಕ ಎರಡನ್ನ ಬಿಚ್ಚಿ ಪೆಟ್ಟಿಗೇಲಿ ಇಟ್ವಿ. ಗೂಡಿಂದ ತೆಗೆದು ಮೇಜಿನ ಮೇಲೆ, ಗೋಡೆಯಿಂದ ಒಂದು ಗೇಣು ಮುಂದಕ್ಕೆ. 72 ಡಿಗ್ರಿ. ನೋಡಿ, ಎರಡು ಫ್ಯಾನು ಕಮ್ಮಿ ಮಾಡಿದ ಮೇಲೆ 16 ಡಿಗ್ರಿ ಇಳೀತು. ಏನೂ ಕೊಂಡ್ಕೊಂಡಿಲ್ಲ. ದಾರಿ ಬಿಟ್ವಿ ಅಷ್ಟೇ.

ಅಯ್ಯೋ, ಸ್ಟುಡಿಯೋ ಗಾಜಿನ ಆಚೆ ಕಡೆಯಿಂದ ಟೈಮ್ ತೋರಿಸ್ತಿದ್ದಾರೆ. ಮಿಕ್ಕಿದ್ದು ಬೇಗ ಬೇಗ ಹೇಳ್ತೀನಿ.

ಧೂಳು. ಆಯುಧಪೂಜೆಗೆ ಗಾಡಿ ತೊಳೀತೀರ, ಟ್ರ್ಯಾಕ್ಟರ್ ತೊಳೀತೀರ, ಕಂಪ್ಯೂಟರ್‌ಗೆ ಮಾತ್ರ ಕುಂಕುಮ ಇಟ್ಟು ಹೂವಿನ ಹಾರ ಹಾಕ್ತೀರ, ಆ ಹಾರಾನೂ ಸರಿಯಾಗಿ ಗಾಳಿ ಎಳ್ಕೊಳ್ಳೋ ಜಾಗದ ಮೇಲೇ ನೇತಾಡುತ್ತೆ. ಪೂಜೆಗೆ ಮುಂಚೆ ಒಂದು ಸಲ, ಬಿಸಿಲುಕಾಲಕ್ಕೆ ಮುಂಚೆ ಯುಗಾದಿ ಹತ್ರ ಇನ್ನೊಂದು ಸಲ ಬಿಚ್ಚಿ ಬ್ಲೋವರ್‌ನಲ್ಲಿ ಧೂಳು ಹೊಡೀರಿ. ಹೊಡಿಯೋವಾಗ ಫ್ಯಾನ್ ರೆಕ್ಕೆಯನ್ನ ಬೆರಳಲ್ಲಿ ಹಿಡ್ಕೊಳ್ಳಿ, ಗಾಳಿ ರಭಸಕ್ಕೆ ಅದು ಸಿಕ್ಕಾಪಟ್ಟೆ ತಿರುಗಿದ್ರೆ ಬೇರಿಂಗ್ ಹೋಗುತ್ತೆ. ಅಡುಗೆಮನೆ ಪಕ್ಕ ಇಟ್ಟಿದ್ರೆ ಒಗ್ಗರಣೆ ಜಿಡ್ಡು, ದೇವರಮನೆ ಪಕ್ಕ ಇಟ್ಟಿದ್ರೆ ಊದುಬತ್ತಿ ಹೊಗೆ, ಇವು ಧೂಳನ್ನ ಅಂಟಿಸಿಬಿಡ್ತವೆ, ಬ್ಲೋವರ್‌ಗೂ ಹೋಗಲ್ಲ, ಬ್ರಷ್ ಬೇಕು.

ಪೇಸ್ಟು ಒಂದು ಬಟಾಣಿ ಕಾಳಿನಷ್ಟು ಸಾಕು. ಹಳೇ ಪೇಸ್ಟ್ ಕೆಲವು ವರ್ಷಕ್ಕೆ ಒಣಗುತ್ತೆ, ಐಸೊಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕಿ ಒರೆಸಿ ಹೊಸದು ಹಾಕಿ. ಸ್ಕ್ರೂಗಳನ್ನ ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪ ಬಿಗಿ ಮಾಡಿ. ಇಂಟೆಲ್ ಜೊತೆ ಬರೋ ಕೂಲರ್‌ಗೆ ನಾಲ್ಕು ಒತ್ತೋ ಗುಬುಟಿ ಇರ್ತವೆ, ನಾಲ್ಕೂ ಟಕ್ ಅನ್ನಬೇಕು, ಮೂರು ಕೂತು ಒಂದು ಎದ್ದಿರೋದನ್ನ ನಾನು ವಾರಕ್ಕೊಂದು ನೋಡ್ತೀನಿ.

ಎಲ್ಲಾ ಸರಿ ಇದ್ದೂ ಬಿಸಿ ಅಂದ್ರೆ ಆಗ ಬಯಾಸ್‌ಗೆ, ಅಂದ್ರೆ ಮದರ್‌ಬೋರ್ಡಿನ ಸೆಟ್ಟಿಂಗ್ಸಿಗೆ ಹೋಗಿ. ಐ5-12400 ಪ್ರೊಸೆಸರ್‌ಗೆ 65 ವಾಟ್ ಅಂತ ಕಂಪನಿ ಹೇಳುತ್ತೆ, ಟರ್ಬೊದಲ್ಲಿ, ಅಂದ್ರೆ ಜೋರಾಗಿ ಓಡೋವಾಗ ಅದು 117ರವರೆಗೂ ಎಳೆಯುತ್ತೆ, ಕೆಲವು ಮದರ್‌ಬೋರ್ಡ್‌ಗಳು ಆ ಮಿತೀನೂ ಸಡಿಲ ಬಿಟ್ಟಿರ್ತವೆ. ಆ ಮಿತಿಯನ್ನ, ಅಂದ್ರೆ ಪವರ್ ಲಿಮಿಟ್ ಇಳಿಸಿ, ರೈಜನ್ 7000 ಸರಣಿ ಆದ್ರೆ ಕಮ್ಮಿ ಕರೆಂಟಲ್ಲಿ ಓಡಿಸೋ ಇಕೋ ಮೋಡ್ ಆನ್ ಮಾಡಿ, ಗೇಮಲ್ಲಿ ವ್ಯತ್ಯಾಸ ನಿಮಗೆ ಗೊತ್ತೇ ಆಗಲ್ಲ. ಇನ್ನು ನಂದಿ ಬೆಟ್ಟ ಪಕ್ಕದಲ್ಲಿದೆ, ನಮ್ಮೂರು ತಂಪು ಅಂದ್ಕೊಂಡು ರೂಮ್ ಬಾಗಿಲು ಕಿಟಕಿ ಮುಚ್ಕೊಂಡು ಆಡ್ಬೇಡಿ. ಕಂಪ್ಯೂಟರ್ 300 ವಾಟ್ ಎಳೆದ್ರೆ ಆ 300 ವಾಟೂ ಶಾಖ ಆಗಿ ನಿಮ್ಮ ರೂಮಲ್ಲೇ ತುಂಬ್ಕೊಳ್ಳುತ್ತೆ. ರೂಮೇ 35 ಡಿಗ್ರಿ ಇದ್ರೆ ಫ್ಯಾನಿನ ಕೂಲರ್ ಯಾವುದಾದ್ರೂ ಪ್ರೊಸೆಸರನ್ನ ಅದಕ್ಕಿಂತ ಕೆಳಗೆ ಇಳಿಸೋಕಾಗಲ್ಲ.

ಕೊನೇದಾಗಿ, ರೈಜನ್ 5000 ಸರಣಿ ಇಟ್ಕೊಂಡಿರೋರು ಕಿವಿಗೊಟ್ಟು ಕೇಳಿ. ಅದರ ಕೂಲರನ್ನ ತಣ್ಣಗಿದ್ದಾಗ ನೇರ ಮೇಲಕ್ಕೆ ಕೀಳಬೇಡಿ, ಒಣಗಿದ ಪೇಸ್ಟಿಗೆ ಅಂಟ್ಕೊಂಡು ಪ್ರೊಸೆಸರ್ರೂ ಸಾಕೆಟ್ಟಿಂದ ಕಿತ್ಕೊಂಡು ಬರುತ್ತೆ, ಅದರ ತಳದಲ್ಲಿ ಕೂದಲಿನಂಥ 1331 ಪಿನ್ ಇದೆ, ಬಗ್ಗಿದ್ರೆ ತುಂಬಾ ಕಷ್ಟ. ಮೊದಲು ಒಂದು ಹತ್ತು ನಿಮಿಷ ಓಡಿಸಿ ಬೆಚ್ಚಗೆ ಮಾಡಿ, ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನ ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ ಸಡಿಲ ಆದ ಮೇಲೆ ಎತ್ತಿ. ನನಗೆ ಫೋನ್ ಮಾಡೋಕೆ ಮುಂಚೆ ಸೈಡ್ ಪ್ಯಾನೆಲ್ ತೆಗೆದು ಹತ್ತು ನಿಮಿಷ ಓಡಿಸಿ, ಮುಚ್ಚಿದಾಗ ಎಷ್ಟಿತ್ತು, ತೆಗೆದಾಗ ಎಷ್ಟಾಯ್ತು, ಆ ಎರಡು ನಂಬರ್ ಬರ್ಕೊಂಡಿರಿ. ನಾನು ಮೊದಲು ಕೇಳೋದು ಅದನ್ನೇ. ನಮಸ್ಕಾರ.