ದೊಡ್ಡಪತ್ರೆ ಗಿಡ ಪದೇ ಪದೇ ಕೊಳೆತು ಹೋಗ್ತಿದ್ಯಾ? ಮೊದ್ಲು ನೀರಿನ ಚೊಂಬು ಕೆಳಗಿಡಿ

(ಬಾಲ್ಕನಿ. ಒಂದು ಎಲೆ ಕ್ಯಾಮೆರಾಗೆ ತೀರಾ ಹತ್ರ)

ನಮಸ್ಕಾರ ಎಲ್ರಿಗೂ. ಈ ಎಲೆ ನೋಡಿ, ಬೆಳಕಿಗೆ ಹಿಡಿದ್ರೆ ಮೇಲೆಲ್ಲಾ ಸಣ್ಣ ಬಿಳಿ ರೋಮ, ಅಂಚು ಗರಗಸದ ಹಲ್ಲಿನ ಥರ, ಮುರಿದ್ರೆ ಟಪ್ ಅನ್ನುತ್ತೆ, ಒಳಗೆ ಬರೀ ನೀರೇ. ಅಂದ್ರೆ ಈ ಗಿಡ ತನ್ನ ನೀರನ್ನ ತಾನೇ ಕೂಡಿಟ್ಕೊಂಡಿರುತ್ತೆ. ನಾವೇನ್ಮಾಡ್ತೀವಿ, ಬೆಳಿಗ್ಗೆ ತುಳಸಿಗೆ ನೀರು ಹಾಕೋವಾಗ ಪಕ್ಕದಲ್ಲೇ ಇದ್ಯಲ್ಲ ಅಂತ ಇದಕ್ಕೂ ಒಂದು ಚೊಂಬು ಸುರೀತೀವಿ, ದಿನಾ. ಸಾಯೋದು ಅಲ್ಲೇ.

ನನ್ ಮೊದಲನೇ ಗಿಡ ಸಾಗರದಿಂದ ಅತ್ತೆ ಕೊಟ್ಟಿದ್ದು, ಜುಲೈ ಮಳೇಲಿ ಹೋಯ್ತು, ತುಂಬಾ ಬೇಜಾರಾಯ್ತು. ಮೇಲೆ ಎಲೆ ಎಲ್ಲ ಹಸಿರಾಗೇ ಇತ್ತು, ಸ್ವಲ್ಪ ಜೋತು ಬಿದ್ದಿತ್ತು ಅಷ್ಟೇ, ನಾನು ಬಾಯಾರಿದೆ ಅನ್ಕೊಂಡು ಇನ್ನೂ ನೀರು ಹಾಕ್ದೆ. ಆಮೇಲೆ ಬುಡ ಮುಟ್ಟಿ ನೋಡಿದ್ರೆ ಮಣ್ಣಿನ ಹತ್ರ ಕಾಂಡ ಕಪ್ಪಾಗಿ ಮೆತ್ತಗೆ, ಬೆರಳಲ್ಲಿ ಒತ್ತಿದ್ರೆ ಸಿಪ್ಪೆ ಜಾರ್ಕೊಂಡು ಬಂತು. ನಿಮ್ಮನೇಲೂ ಹಿಂಗಾಗಿದ್ರೆ ಬುಡ ಉಳಿಸೋಕೆ ಹೋಗ್ಬೇಡಿ, ಮೇಲಿನ ಗಟ್ಟಿ ಭಾಗ ಕತ್ತರಿಸ್ಕೊಳಿ, ಅದ್ರಿಂದ್ಲೇ ಹೊಸ ಗಿಡ ಮಾಡ್ಬೋದು.

(ಕಡ್ಡಿ ಕತ್ತರಿಸಿ ತೋರಿಸೋದು)

ನಾಲ್ಕೈದು ಇಂಚಿನ ಕಡ್ಡಿ ಸಾಕು. ಕೆಳಗಿನ ಎಲೆ ತೆಗೆದು ಎರಡು ಗಿಣ್ಣು ಮಣ್ಣೊಳಗೆ ಹೋಗೋ ಹಾಗೆ ಚುಚ್ಚಿ, ಬೇರು ಬೇಗ ಬರೋದು ಆ ಗಿಣ್ಣಿನ ಹತ್ರಾನೇ. ಮಣ್ಣು ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೇ ಗೊಬ್ಬರ. ಕುಂಡಕ್ಕೆ ತೂತು ಇರ್ಲೇಬೇಕು, ಅಡಿಯಲ್ಲಿ ತಟ್ಟೆ ಇಟ್ಟಿದ್ರೆ ನಿಂತ ನೀರು ಚೆಲ್ಲಿ. ಒಂದು ವಾರ ನೆರಳಲ್ಲಿಡಿ, ಎರಡ್ಮೂರು ವಾರದಲ್ಲಿ ಚಿಗುರುತ್ತೆ.

ಆಮೇಲೆ ನೀರು ಯಾವಾಗ ಅಂದ್ರೆ, ಬೆರಳು ಒಂದು ಇಂಚು ಒಳಗೆ ತೂರಿಸಿ ನೋಡಿ, ಒಣಗಿದ್ರೆ ಮಾತ್ರ. ಬೆಳಗಿನ ಬಿಸ್ಲು ಮೂರ್ನಾಲ್ಕು ಗಂಟೆ ಬಿದ್ರೆ ಚೆಂದ. ಪೂರ್ತಿ ನೆರಳಲ್ಲಿ ಎಲೆಗೂ ಎಲೆಗೂ ದೂರ ಆಗಿ ಕಡ್ಡಿ ಉದ್ದುದ್ದ ಹೋಗುತ್ತೆ, ಏಪ್ರಿಲ್ ಮಧ್ಯಾಹ್ನದ ಬಿಸ್ಲಲ್ಲಿ ಎಲೆ ಹಳದಿಯಾಗುತ್ತೆ. ಹತ್ತಿ ಅಂಟಿದ ಥರ ಬಿಳಿ ಹುಳ ಕಂಡ್ರೆ ಬೇವಿನೆಣ್ಣೆ, ಸ್ವಲ್ಪ ಸೋಪು ನೀರಲ್ಲಿ ಕದಡಿ ಸಂಜೆ ಹೊತ್ತು ಸ್ಪ್ರೇ ಮಾಡಿ.

ಇನ್ನೊಂದು, ಕೆಲವು ನರ್ಸರೀಲಿ ಇದನ್ನ ಅಜ್ವೈನ್ ಗಿಡ ಅಂತ ಮಾರ್ತಾರೆ. ನಾವು ಅಡುಗೆಗೆ ಹಾಕೋ ಓಮದ ಗಿಡಾನೇ ಬೇರೆ, ಅದು ಬೀಜದಿಂದ ಬೆಳೆಯೋದು. ಎರಡರಲ್ಲೂ ಥೈಮಾಲ್ ಥರದ ಎಣ್ಣೆ ಅಂಶ ಇರೋದಕ್ಕೆ ವಾಸನೆ ಹಂಗೇ ಬರುತ್ತೆ, ಅಷ್ಟೇ.

ಚಳಿ ದೇಶದಲ್ಲಿರೋ ನಮ್ಮೋರು ಕೇಳಿ, ಇದು ವರ್ಷಗಟ್ಟಲೆ ಬದುಕೋ ಗಿಡಾನೇ, ಆದ್ರೆ ಹಿಮ ಬಿದ್ರೆ ಒಂದೇ ರಾತ್ರೀಲಿ ಕರಟಿ ಹೋಗುತ್ತೆ. ರಾತ್ರಿ ಹತ್ತು ಡಿಗ್ರಿಗೆ ಇಳಿಯೋ ಮುಂಚೆ ಒಳಗೆ ತಂದು ಕಿಟಕಿ ಹತ್ರ ಇಡಿ, ಚಳಿಗಾಲ ಪೂರ್ತಿ ನೀರು ಇನ್ನೂ ಕಮ್ಮಿ.

ಕೀಳೋಕೆ ಹಿಂಜರೀಬೇಡಿ, ತುದಿ ಚಿವುಟಿದಷ್ಟೂ ಪಕ್ಕದಿಂದ ಕವಲು ಒಡೆಯುತ್ತೆ. ಹತ್ತು ಎಲೆ, ಜೀರಿಗೆ, ನಾಲ್ಕು ಮೆಣಸು ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಜೊತೆ ರುಬ್ಬಿ ಮಜ್ಜಿಗೆಗೆ ಹಾಕಿ ಸಾಸಿವೆ ಒಗ್ಗರಣೆ ಕೊಟ್ರೆ ತಂಬುಳಿ ರೆಡಿ. ಎಲೆ ಬಿಡಿಸಿದ ಮೇಲೆ ಉಳಿಯೋ ಕಡ್ಡಿ ಬಿಸಾಕ್ಬೇಡಿ, ಇನ್ನೊಂದು ಕುಂಡದಲ್ಲಿ ಚುಚ್ಚಿಡಿ.