ಹಿಟಾಚಿಯ ಮುಂದೆ ನಿಲ್ಲುವ ಜೀವಶಾಸ್ತ್ರಜ್ಞ

ಕೇಳುಗರಿಗೆ ನಮಸ್ಕಾರ.

ಜರ್ಮನಿಯ ರಾಜಧಾನಿ ಬರ್ಲಿನ್‌ಗೆ ಹತ್ತಿರದಲ್ಲಿ ಗ್ರ್ಯೂನ್‌ಹೈಡೆ ಎಂಬ ಊರಿದೆ. ಟೆಸ್ಲಾ ಕಂಪನಿ ತನ್ನ ಕಾರು ಕಾರ್ಖಾನೆಗೆ ಆರಿಸಿಕೊಂಡದ್ದು ಅಲ್ಲಿನ ಪೈನ್ ನೆಡುತೋಪನ್ನು. 2020ರ ಡಿಸೆಂಬರಿನಲ್ಲಿ ಅಲ್ಲಿ ಮರ ಕಡಿಯುವ ಕೆಲಸಕ್ಕೆ ನ್ಯಾಯಾಲಯ ತಡೆ ಹಾಕಿತು. ಕೋಟಿಗಟ್ಟಲೆ ಯೂರೋ ಬಂಡವಾಳದ ಕಾರ್ಖಾನೆಗೆ ಅಡ್ಡ ಬಂದದ್ದು ಯಾರು ಗೊತ್ತೇ? ಸ್ಮೂತ್ ಸ್ನೇಕ್ ಎಂಬ ವಿಷವಿಲ್ಲದ ಒಂದು ಸಣ್ಣ ಹಾವು, ಜೊತೆಗೆ ಸ್ಯಾಂಡ್ ಲಿಜಾರ್ಡ್ ಎಂಬ ಓತಿ. ಆ ಚಳಿಯಲ್ಲಿ ಎರಡೂ ಮಣ್ಣಿನೊಳಗೆ ನಿದ್ದೆಯಲ್ಲಿದ್ದವು. ಓತಿಗಳನ್ನು ಹಿಡಿದು ಬೇರೆಡೆಗೆ ಸಾಗಿಸುವ ಕೆಲಸವೇನೋ ನಡೆದಿತ್ತು. ಆದರೆ ಅದು ಸಾಲದು, ಇನ್ನೂ ಎಷ್ಟೋ ನೆಲದಡಿಯಲ್ಲೇ ಉಳಿದಿವೆ ಎಂದು ಪರಿಸರ ಸಂಘಟನೆಗಳು ದೂರು ಒಯ್ದಿದ್ದವು. ಕಾರ್ಖಾನೆ ನಿಲ್ಲಲಿಲ್ಲ ಅನ್ನಿ, 2022ರ ಮಾರ್ಚ್‌ನಲ್ಲಿ ಶುರುವಾಯಿತು. ನಾನು ಹೇಳಬೇಕೆಂದಿರುವುದು ಕಾರ್ಖಾನೆಯ ಕಥೆಯನ್ನಲ್ಲ, ಓತಿ ಹಿಡಿಯುವವರ ಕಥೆಯನ್ನು.

ಜರ್ಮನಿಯಲ್ಲಿ, ಸ್ವಿಟ್ಜರ್‌ಲೆಂಡಿನಲ್ಲಿ, ಬ್ರಿಟನ್ನಿನಲ್ಲಿ ದೊಡ್ಡ ಕಾಮಗಾರಿಗೆ ಅನುಮತಿ ಕೊಡುವಾಗ ಪ್ರಾಧಿಕಾರಗಳು ಸಾಮಾನ್ಯವಾಗಿ ಒಂದು ಷರತ್ತು ಹಾಕುತ್ತವೆ: ಕೆಲಸ ನಡೆಯುವಷ್ಟು ಕಾಲ ಸ್ಥಳದಲ್ಲಿ ಒಬ್ಬ ಪರಿಸರ ಮೇಲ್ವಿಚಾರಕ ಇರಬೇಕು. ಹೆಚ್ಚಾಗಿ ಜೀವಶಾಸ್ತ್ರ ಓದಿದವರೇ ಈ ಕೆಲಸಕ್ಕೆ ಬರುತ್ತಾರೆ. ತಲೆಗೆ ಹೆಲ್ಮೆಟ್, ಕಾಲಿಗೆ ಗಂಬೂಟು, ಕೈಯಲ್ಲಿ ಅನುಮತಿ ಪತ್ರದ ಪ್ರತಿ.

ಇವರ ಮೊದಲ ಕೆಲಸ ಬೇಲಿ. ಮೊಣಕಾಲೆತ್ತರದ ದಪ್ಪ ಪ್ಲಾಸ್ಟಿಕ್ ಹಾಳೆಯ ಬೇಲಿ. ಕಪ್ಪೆ ಅಡಿಯಿಂದ ನುಸುಳದಂತೆ ಅದರ ಕೆಳಗಿನ ಅಂಚನ್ನು ಮಣ್ಣಿನೊಳಗೆ ಹೂಳುತ್ತಾರೆ. ಬೇಲಿಯುದ್ದಕ್ಕೂ ಅಲ್ಲಲ್ಲಿ ಬಕೆಟ್‌ಗಳು, ಬಾಯಿ ನೆಲಮಟ್ಟಕ್ಕೆ ಬರುವಂತೆ. ಮಳೆನೀರು ಇಳಿದು ಹೋಗಲಿ ಎಂದು ತಳದಲ್ಲಿ ತೂತು. ಇಲಿಯೋ ಮೂಗಿಲಿಯೋ ಬಿದ್ದರೆ ಹತ್ತಿ ಹೋಗಲಿ ಎಂದು ಒಳಗೊಂದು ಕೋಲು. ಬೆಳಗ್ಗೆ ಬಿಸಿಲೇರುವ ಮುನ್ನ ಒಂದೊಂದು ಬಕೆಟ್‌ಗೂ ಬಗ್ಗಿ ನೋಡಬೇಕು. ಬಿದ್ದಿರುವ ಕಪ್ಪೆಯನ್ನು ಎತ್ತಿ ಬೇಲಿಯಾಚೆ ಬಿಡಬೇಕು, ಪುಸ್ತಕದಲ್ಲಿ ಬರೆದಿಡಬೇಕು. ಓತಿಗಳ ಪಾಡು ಬೇರೆ. ಕೈಯಿಂದ ಹಿಡಿಯಹೋದರೆ ಬಾಲ ಕಳಚಿ ಓಡುತ್ತವೆ. ಅದಕ್ಕೇ ಕೋಲಿನ ತುದಿಗೆ ದಾರದ ಕುಣಿಕೆ ಕಟ್ಟಿ ಹಿಡಿಯುತ್ತಾರೆ, ನಮ್ಮ ಹಳ್ಳಿಯ ಹುಡುಗರು ಓತಿಕ್ಯಾತಕ್ಕೆ ಹುಲ್ಲುಕಡ್ಡಿಯ ಕುಣಿಕೆ ಒಡ್ಡುವ ಹಾಗೆ. ಹುಡುಗರಿಗೆ ಬೈಗುಳ ಸಿಗುತ್ತದೆ, ಇವರಿಗೆ ಸಂಬಳ ಸಿಗುತ್ತದೆ.

ನಿಜವಾದ ತಲೆನೋವು ಇರುವುದು ಕ್ಯಾಲೆಂಡರಿನಲ್ಲಿ. ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗೆ ಹಕ್ಕಿಗಳ ಗೂಡಿನ ಕಾಲವೆಂದು ಜರ್ಮನಿಯ ಕಾನೂನು ಬೇಲಿಸಾಲು, ಪೊದೆ, ಕಾಡಿನ ಹೊರಗಿನ ಬಹುಪಾಲು ಮರಗಳಿಗೆ ಕೊಡಲಿ ಹಾಕಗೊಡುವುದಿಲ್ಲ. ಹಾಗಾದರೆ ಚಳಿಗಾಲದಲ್ಲಿ ಕಡಿಯೋಣ ಎಂದರೆ ಓತಿ, ಹಾವುಗಳು ಬೇರಿನ ಸಂದಿಯಲ್ಲಿ ಮಲಗಿರುತ್ತವೆ, ಬಾವಲಿಗಳು ಪೊಟರೆ ಸೇರಿರುತ್ತವೆ. ಇದಕ್ಕೆ ಅಲ್ಲಿನವರು ಕಂಡುಕೊಂಡ ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು. ಚಳಿಗಾಲದಲ್ಲಿ ಕಾಂಡವನ್ನಷ್ಟೇ ಕಡಿಯುತ್ತಾರೆ, ಬುಡ ಕೀಳುವುದಿಲ್ಲ, ಭಾರದ ಯಂತ್ರ ನೆಲಕ್ಕೆ ಇಳಿಸುವುದಿಲ್ಲ. ವಸಂತದಲ್ಲಿ ಓತಿಗಳು ಎದ್ದು ಬಿಸಿಲು ಕಾಯಿಸಲು ಹೊರಬಂದಾಗ ಹಿಡಿದು ಸಾಗಿಸುತ್ತಾರೆ. ಬುಡ ಕೀಳಲು ಹಿಟಾಚಿ ಬರುವುದು ಆಮೇಲೆ. ಇನ್ನು ಪೊಟರೆಗಳನ್ನು ಕಡಿಯುವ ಮೊದಲೇ ಸಣ್ಣ ಕ್ಯಾಮೆರಾ ತೂರಿಸಿ ನೋಡುತ್ತಾರೆ. ಅನುಮಾನವಿದ್ದರೆ, ಬಾವಲಿಗಳು ಓಡಾಡುವ ಕಾಲದಲ್ಲೇ ಬಾಯಿಗೆ ಪ್ಲಾಸ್ಟಿಕ್ ಪರದೆ ಇಳಿಬಿಡುತ್ತಾರೆ: ಒಳಗಿದ್ದದ್ದು ಹೊರಗೆ ಜಾರಬಹುದು, ಮತ್ತೆ ಒಳಗೆ ಹೋಗಲಾಗದು.

ಮಣ್ಣಿಗೂ ಕಾವಲಿದೆ. ಮೇಲ್ಮಣ್ಣನ್ನು ಬೇರೆ, ಕೆಳಮಣ್ಣನ್ನು ಬೇರೆ ತೆಗೆದು ಬೇರೆ ಬೇರೆ ಗುಡ್ಡೆ ಹಾಕಬೇಕು. ಒದ್ದೆ ನೆಲದ ಮೇಲೆ ಟಿಪ್ಪರ್ ಓಡಿಸಕೂಡದು. ಒಮ್ಮೆ ಅಮುಕಿದ ಮಣ್ಣಿನಲ್ಲಿ ನೀರು ಇಂಗುವುದಿಲ್ಲ, ಬೇರು ಇಳಿಯುವುದಿಲ್ಲ. ಸ್ವಿಟ್ಜರ್‌ಲೆಂಡಿನಲ್ಲಿ ಮಣ್ಣಿನ ತೇವ ಅಳೆಯುವ ಉಪಕರಣವನ್ನು ನೆಲಕ್ಕೆ ಚುಚ್ಚಿಟ್ಟು, ಇಂದು ಯಂತ್ರ ಇಳಿಸಬಹುದೇ ಎಂದು ತೀರ್ಮಾನಿಸುತ್ತಾರೆ. ಗುತ್ತಿಗೆದಾರ ಆಕಾಶ ನೋಡಿ ಹೇಳುವ ಮಾತು ಅಲ್ಲಿ ನಡೆಯುವುದಿಲ್ಲ.

ಅಲ್ಲಿ ಎಲ್ಲವೂ ಸೊಗಸಾಗಿದೆ ಎಂದು ದಯವಿಟ್ಟು ಭಾವಿಸಬೇಡಿ. ಮೇಲ್ವಿಚಾರಕನಿಗೆ ಸಂಬಳ ಕೊಡುವವನು ಕಾಮಗಾರಿಯ ಮಾಲೀಕನೇ. ಕೆಲಸ ನಿಲ್ಲಿಸಿ ಎಂದು ನೇರವಾಗಿ ಹೇಳುವ ಅಧಿಕಾರ ಎಷ್ಟೋ ಕಡೆ ಅವನಿಗಿಲ್ಲ. ಪ್ರಾಧಿಕಾರಕ್ಕೆ ವರದಿ ಕಳಿಸಿ ಕಾಯಬೇಕು. ಸಾಗಿಸಿದ ಓತಿಗಳಲ್ಲಿ ಎಷ್ಟು ಹೊಸ ಜಾಗದಲ್ಲಿ ಬದುಕುತ್ತವೆ ಎಂಬ ತಕರಾರೂ ಮುಗಿದಿಲ್ಲ. ಆದರೂ ಅನುಮತಿ ಸಿಕ್ಕ ದಿನ ಅವನ ಕೆಲಸ ಶುರುವಾಗುತ್ತದೆ. ನಮ್ಮಲ್ಲಿ ಅದೇ ದಿನ ಪರಿಸರ ತಜ್ಞರ ಕೆಲಸ ಬಹುಮಟ್ಟಿಗೆ ಮುಗಿಯುತ್ತದೆ.

ನಮ್ಮ ಕಾನೂನಿನಲ್ಲಿ ಷರತ್ತುಗಳಿಗೆ ಬರವಿಲ್ಲ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯಂತೆ ದೊಡ್ಡ ಯೋಜನೆಗಳಿಗೆ ಪರಿಸರ ಅನುಮತಿ ಬೇಕು. ಷರತ್ತು ಪಾಲಿಸಿದ ಬಗ್ಗೆ ಪ್ರತಿ ವರ್ಷ ಜೂನ್ 1ಕ್ಕೆ, ಡಿಸೆಂಬರ್ 1ಕ್ಕೆ ವರದಿ ಸಲ್ಲಿಸಬೇಕು. ಅಗೆದ ಮೇಲ್ಮಣ್ಣನ್ನು ಕಾಪಾಡಿ ಗಿಡ ಬೆಳೆಸಲು ಬಳಸಬೇಕು ಎಂಬ ಸಾಲು ಕಟ್ಟಡ ಯೋಜನೆಗಳ ಅನುಮತಿ ಪತ್ರಗಳಲ್ಲಿ ಮಾಮೂಲು. ಆದರೆ ಆ ಸಾಲನ್ನು ಜೆಸಿಬಿ ಚಾಲಕನಿಗೆ ಓದಿ ಹೇಳಿದವರು ಯಾರು? ಅವನಿಗೆ ಮೇಸ್ತ್ರಿ ಹೇಳಿದ್ದು ಇಷ್ಟೇ: ಸಂಜೆಯೊಳಗೆ ಇಷ್ಟು ಲೋಡು ಹೋಗಬೇಕು. ಮೇಲ್ಮಣ್ಣು, ಕೆಳಮಣ್ಣು, ಕಲ್ಲು ಎಲ್ಲವೂ ಒಂದೇ ಟಿಪ್ಪರಿಗೆ. ಆರು ತಿಂಗಳಿಗೊಮ್ಮೆ ಕಚೇರಿಯಲ್ಲಿ ಕುಳಿತು "ಪಾಲಿಸಲಾಗಿದೆ" ಎಂದು ಬರೆದರೆ ಆ ಮಣ್ಣು ವಾಪಸು ಬರುವುದಿಲ್ಲ.

ಜರ್ಮನಿಯ ಕ್ಯಾಲೆಂಡರನ್ನು ತಂದು ಇಲ್ಲಿ ಅಂಟಿಸಲೂ ಆಗದು. ಮಳೆ ಹಿಡಿಯುವ ಮೊದಲು ಮುಗಿಸಬೇಕೆಂದು ನಾವು ಏಪ್ರಿಲ್, ಮೇ ತಿಂಗಳಲ್ಲಿ ಮಣ್ಣಿನ ಕೆಲಸಕ್ಕೆ ಮುಗಿಬೀಳುತ್ತೇವೆ. ಮಲೆನಾಡಿನ ಎಷ್ಟೋ ಹಕ್ಕಿಗಳು ಗೂಡು ಕಟ್ಟುವುದು ಆ ದಿನಗಳಲ್ಲೇ. ಮೊದಲ ಮಳೆ ಬಿದ್ದರೆ ಕಪ್ಪೆಗಳ ಸರದಿ. ಅರ್ಧಕ್ಕೆ ಬಿಟ್ಟ ಪೈಪಿನ ಕಾಲುವೆಯಲ್ಲಿ ನೀರು ನಿಂತರೆ ಅವು ಮೊಟ್ಟೆಯಿಡುವುದು ಅಲ್ಲೇ. ಮರುವಾರ ಆ ಕಾಲುವೆ ಮುಚ್ಚುತ್ತದೆ. ಮುಚ್ಚುವ ಮೊದಲು ಇಣುಕಿ ನೋಡುವುದಕ್ಕೆ ಸಂಬಳ ಪಡೆಯುವ ಒಬ್ಬ ವ್ಯಕ್ತಿ ಬೇಕು, ಅಷ್ಟೇ. ಊರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದ ಹುಡುಗಿಯೊಬ್ಬಳಿಗೆ ಈ ಕೆಲಸ ಕಲಿಸುವುದು ಕಷ್ಟವೇನಲ್ಲ.

ನಿಮ್ಮ ಊರಿನ ಬಳಿ ದೊಡ್ಡ ಕಾಮಗಾರಿ ಶುರುವಾದರೆ ಅದರ ಪರಿಸರ ಅನುಮತಿ ಪತ್ರವನ್ನು ಕೇಳಿ ಪಡೆಯಿರಿ. ಅದು ಗುಟ್ಟಿನ ಕಾಗದವಲ್ಲ. ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲೂ ಸಿಗುತ್ತದೆ. ಷರತ್ತುಗಳ ಪಟ್ಟಿಯಲ್ಲಿ ಮೇಲ್ಮಣ್ಣಿನ ಸಾಲನ್ನು ಹುಡುಕಿ. ಸಿಕ್ಕಿದರೆ ಪತ್ರ ಹಿಡಿದು ಸೈಟಿಗೆ ಹೋಗಿ, ಆ ಗುಡ್ಡೆ ಎಲ್ಲಿದೆ ತೋರಿಸಿ ಎಂದು ಇಂಜಿನಿಯರರನ್ನು ಕೇಳಿ.

ನಮಸ್ಕಾರ.