ಸಿತಾರಿನ ಮುಂದೆ ಮೈಕ್ ಇಟ್ಟ ಮೇಲೆ

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ವಾದ್ಯದ ದನಿಯ ಬಗ್ಗೆ ಮಾತಾಡಲು ಸ್ವಲ್ಪ ಧೈರ್ಯ ಬೇಕು. ಇಲ್ಲಿ ಕೂತವರ ಕಿವಿ ನನ್ನ ಯಂತ್ರಗಳಿಗಿಂತ ಚುರುಕು. ಇವತ್ತಿನ ಮಾತು ರೆಕಾರ್ಡಿಂಗಿನ ಎರಡು ಯಂತ್ರಗಳ ಬಗ್ಗೆ, ಪ್ರಿಆಂಪ್ ಮತ್ತು ಕಂಪ್ರೆಸರ್.

ಯಾವ ಪ್ರಿಆಂಪ್ ತಗೊಳ್ಳಲಿ ಅಂತ ಹುಡುಗರು ಕೇಳುತ್ತಾರೆ. ಯಾವ ವಾದ್ಯ, ಯಾವ ಮೈಕ್ ಅಂತ ನಾನು ತಿರುಗಿ ಕೇಳುತ್ತೇನೆ. ಮೈಕಿನಿಂದ ಬರುವ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವುದಷ್ಟೇ ಪ್ರಿಆಂಪ್‌ನ ಕೆಲಸ. ತಬಲಾದ ಹತ್ತಿರ ಕಂಡೆನ್ಸರ್ ಮೈಕ್ ಇಟ್ಟರೆ 20–30 ಡಿಬಿ (ಡೆಸಿಬೆಲ್) ಗೇನ್, ಅಂದರೆ ಅಷ್ಟು ಹಿಗ್ಗಿಸಿದರೆ, ಸಾಕಾಗುತ್ತದೆ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸಿನೊಳಗೇ ಇರುವ ಪ್ರಿಆಂಪ್ ಧಾರಾಳವಾಯಿತು, ಸುಮ್ನೆ ದುಡ್ಡು ಸುರಿಯಬೇಡಿ.

ತಂಬೂರಿಯದು ಬೇರೆ ಕಥೆ. ಅದರ ದನಿಯೇ ಮೆತ್ತಗೆ. ಅದರ ಮುಂದೆ, ಸಾಮಾನ್ಯವಾಗಿ ತೀರ ಸಣ್ಣ ಸಿಗ್ನಲ್ ಕೊಡುವ ರಿಬ್ಬನ್ ಮೈಕ್ ಇಟ್ಟರಂತೂ 60 ಡಿಬಿ ದಾಟಬೇಕಾಗುತ್ತದೆ. ಅಷ್ಟು ಗೇನ್ ಕೊಟ್ಟಾಗ ಸಾಧಾರಣ ಪ್ರಿಆಂಪ್ 'ಸ್ಸ್' ಅನ್ನಲು ಶುರು ಮಾಡುತ್ತದೆ. ಜವಾರಿಯ, ಅಂದರೆ ತಂತಿ ತಾಗುವ ಕುದುರೆಯ, ಝೇಂಕಾರವೂ ಆ ಸದ್ದೂ ಮೇಲಿನ ಫ್ರೀಕ್ವೆನ್ಸಿಯಲ್ಲೇ ಇರುತ್ತವೆ. ಒಂದನ್ನು ಕತ್ತರಿಸಲು ಹೋದರೆ ಇನ್ನೊಂದೂ ಹೋಗುತ್ತದೆ. ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ. ನೀವ್ ಕಂಪನಿಯ 1073ರಂಥ ಟ್ರಾನ್ಸ್‌ಫಾರ್ಮರ್ ಇರುವ ಪ್ರಿಆಂಪ್ ತನ್ನದೇ ಬಣ್ಣ ಸೇರಿಸುತ್ತದೆ. ಪೇಟಿಗೆ (ಹಾರ್ಮೋನಿಯಂಗೆ) ಅದು ಚಂದ. ತಂಬೂರಿಗೆ ನನಗಂತೂ ಬೇಡ.

ಲೆವೆಲ್ ವಿಷಯ ಒಂದೇ ಮಾತು. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಜೋರಾದ ಪೆಟ್ಟು ಮೀಟರಿನ ತುದಿಯಾದ ಸೊನ್ನೆಗಿಂತ ಕೆಳಗೆ, ಮೈನಸ್ 12 ಡಿಬಿ ಆಸುಪಾಸಿನಲ್ಲಿರಲಿ.

ಇನ್ನು ಕಂಪ್ರೆಸರ್, ಜೋರಾದ ದನಿಯನ್ನು ತಾನೇ ಅದುಮುವ ಯಂತ್ರ. ಅದುಮಿದ ಮೇಲೆ ಒಟ್ಟು ಲೆವೆಲ್ ಏರಿಸಿದರೆ ಮೆತ್ತಗಿನ ದನಿಯೂ ಮೇಲೆ ಬರುತ್ತದೆ. ರಹಿಮತ್ ಖಾನರಿಂದ ಸಿತಾರ್ ಬೇರೂರಿದ ಊರಿದು, ಸಿತಾರನ್ನೇ ತೆಗೆದುಕೊಳ್ಳೋಣ. ಬೆರಳಿಗೆ ತೊಡುವ ಮಿಜರಾಬಿನ ಒಂದು ಪೆಟ್ಟು, ಅದರ ಮೇಲೆ ತಂತಿ ಎಳೆದು ನಾಲ್ಕು ಸ್ವರದ ಮೀಂಡ್. ಕೊನೆಯ ಸ್ವರ ಬರುವ ಹೊತ್ತಿಗೆ ದನಿ ಇಳಿದಿರುತ್ತದೆ. ಅದನ್ನು ಎತ್ತಬೇಕು ಅಂತ ಆಸೆಯಾಗುವುದು ಸಹಜ, ಅಲ್ವಾ? ಆದರೆ ಅಟ್ಯಾಕ್, ಅಂದರೆ ಕಂಪ್ರೆಸರ್ ಅದುಮಲು ತೆಗೆದುಕೊಳ್ಳುವ ಸಮಯ, 1 ಮಿಲಿಸೆಕೆಂಡ್ ಇಟ್ಟರೆ 'ದಾ' ಅನ್ನುವ ಪೆಟ್ಟೇ ಚಪ್ಪಟೆಯಾಗುತ್ತದೆ. 20–30 ಇಡಿ, ಪೆಟ್ಟು ಪಾರಾಗಲಿ. ರೇಷಿಯೋ 2:1, ಅಂದರೆ ಮಿತಿ ದಾಟಿದ ಎರಡು ಡಿಬಿ ಒಂದಾಗುವಷ್ಟು; ಮೀಟರ್ ಮುಳ್ಳು ಎರಡು ಮೂರು ಡಿಬಿಗಿಂತ ಜಾಸ್ತಿ ಇಳಿಯಬಾರದು. ಅದಕ್ಕಿಂತ ಒತ್ತಿ ಆಮೇಲೆ ಲೆವೆಲ್ ಏರಿಸಿದರೆ ತಾವಾಗೇ ಅನುರಣಿಸುವ ತರಫ್ ತಂತಿಗಳು ಮುಂದೆ ಬಂದು ಕೂರುತ್ತವೆ. ಅವುಗಳ ಹಿಂದೆಯೇ ಫ್ಯಾನು, ಹೊರಗಿನ ಆಟೋ ಹಾರ್ನ್.

ಇದನ್ನೆಲ್ಲ ರೆಕಾರ್ಡಿಂಗ್ ಮುಗಿದ ಮೇಲೆ ಮಾಡಿ. ಮೊದಲೇ ಒತ್ತಿ ಹಿಡಿದದ್ದನ್ನು ಬಿಡಿಸಲು ಬರುವುದಿಲ್ಲ. ಆಲಾಪಕ್ಕಂತೂ ಕಂಪ್ರೆಸರ್ ಬದಲು ಫೇಡರನ್ನೇ ಕೈಯಿಂದ ಏರಿಳಿಸುತ್ತೇನೆ. ಎಲ್ಲಿ ತಗ್ಗಬೇಕು ಅನ್ನುವುದು ನುಡಿಸುವವರಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ.

ತಬಲಾ ಜೋಡಿಯನ್ನು ಒಂದೇ ಟ್ರ್ಯಾಕಿಗೆ ತೆಗೆದುಕೊಂಡಿದ್ದರೆ ಇನ್ನೊಂದು ಕಾಟ. ಎಡಗೈಯ ಡಗ್ಗಾದ ಗುಂಯ್ ಬಂದಾಗಲೆಲ್ಲ ಕಂಪ್ರೆಸರ್ ಎಲ್ಲವನ್ನೂ ಅದುಮುತ್ತದೆ, ಬಲಗೈಯ 'ನಾ' ಸುಮ್ಮನೆ ಸೊರಗುತ್ತದೆ. ಕಂಪ್ರೆಸರ್ ಕೇಳಿಸಿಕೊಳ್ಳುವ ದಾರಿಯಾದ ಸೈಡ್‌ಚೈನ್‌ನಲ್ಲಿ 120 ಹರ್ಟ್ಸ್ ಸುಮಾರಿಗೆ, ಅದಕ್ಕಿಂತ ಕೆಳಗಿನ ದನಿ ತಡೆಯುವ ಹೈಪಾಸ್ ಫಿಲ್ಟರ್ ಹಾಕಿ, ಡಗ್ಗಾದ ಮಾತು ಕಂಪ್ರೆಸರ್ ಕಿವಿಗೆ ಅಷ್ಟಾಗಿ ಬೀಳುವುದಿಲ್ಲ. ಇಂಥ ಒಂದು ತಬಲಾ ಟ್ರ್ಯಾಕನ್ನು ಎರಡೂ ಥರ ತಂದಿದ್ದೇನೆ. ಫಿಲ್ಟರ್ ಇಲ್ಲದ್ದನ್ನು ಮೊದಲು ಹಾಕುತ್ತೇನೆ, ಕೇಳಿ.